ನೂರ ಹದಿನೆಂಟು ಕಾರ್ಡುಗಳ ಗೆಲುವು

ಮೊನ್ನೆ ಮಂಗಳವಾರ ಹನ್ನೊಂದು ಗಂಟೆಗೆ ಮಣಿಪಾಲದ ನಮ್ಮ ಆಫೀಸಿನಲ್ಲಿ ಕೇಕು ಕತ್ತರಿಸಿದರು. ಯಾರದ್ದೂ ಹುಟ್ಟುಹಬ್ಬವಲ್ಲ. ಹಿಂದಿನ ಸಂಜೆ ಒಬ್ಬ ನಟನಿಗೆ ವರ್ಷದ ಅತ್ಯುತ್ತಮ ನಟ ಪ್ರಶಸ್ತಿ ಬಂದಿತ್ತು. ನನ್ನ ಎದುರಿನ ಮೇಜಿನ ಪ್ರಜ್ವಲ್ ಆ ನಟನ ಅಭಿಮಾನಿ. ದಿನಾ ಹೆಬ್ರಿಯಿಂದ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಬರುವವನು ಅಂದು ಮಾತ್ರ ಕೇಕಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಎಚ್ಚರವಾಗಿ ಬಂದಿದ್ದ. ಕೇಕಿನ ಮೇಲೆ ನಟನ ಮುಖವನ್ನೇ ಅಚ್ಚು ಹಾಕಿಸಿದ್ದರಿಂದ ಚಾಕು ಎಲ್ಲಿ ಇಡಬೇಕೆಂದು ಸಣ್ಣ ಚರ್ಚೆ ನಡೆಯಿತು. ಕೊನೆಗೆ ಕಿವಿಯಿಂದ ಆರಂಭಿಸಿದರು. ನನಗೆ ಸಿಕ್ಕಿದ್ದು ಗಡ್ಡದ ತುಂಡು.

"ನಲವತ್ತೆರಡು ಸಲ ವೋಟು ಹಾಕಿದ್ದೇನೆ ಮಾರಾಯ್ರೆ," ಎಂದ ಪ್ರಜ್ವಲ್. "ನಾವೇ ಗೆಲ್ಲಿಸಿದ್ದು."

ಉಳಿದವರು ನಕ್ಕರು. ನನಗೆ ನಗಲು ಆಗಲಿಲ್ಲ. ಹದಿನೈದು ವರ್ಷಗಳ ಹಿಂದೆ ಇದೇ ಮಾತನ್ನು ನಮ್ಮೂರಿನ ಲಿಲ್ಲಿ ಬಾಯಿ ಹೇಳಿದ್ದರು. ಅದು ನಿಜವಲ್ಲವೆಂದು ಊರಿನಲ್ಲಿ ಗೊತ್ತಿದ್ದದ್ದು ನನಗೆ ಒಬ್ಬಳಿಗೆ. ನಾನು ಅವರಿಗೆ ಹೇಳಿರಲಿಲ್ಲ, ಬೇರೆ ಯಾರಿಗೂ ಹೇಳಿರಲಿಲ್ಲ.

ನನ್ನ ಸ್ವಭಾವ ಗೊತ್ತಿದ್ದರೆ ಇದು ನಿಮಗೆ ಆಶ್ಚರ್ಯವಾಗಬೇಕು. ನಾನು ಲೆಕ್ಕ ಇಡುವವಳು. ಐದನೇ ತರಗತಿಯಲ್ಲಿದ್ದಾಗ ಅಪ್ಪನಿಗೆ ವಿಮೆಯವರು ಕೊಟ್ಟ ಡೈರಿ ನನ್ನ ಕೈಗೆ ಬಂತು. ಅಂದಿನಿಂದ ಒಂದು ದಿನವೂ ಬಿಟ್ಟಿಲ್ಲ. ಕೈ ಮುರಿದಿದ್ದ ಹನ್ನೆರಡು ದಿನ ಎಡಗೈಯಲ್ಲಿ ಬರೆದಿದ್ದೇನೆ. ಅದರಲ್ಲಿ ದೊಡ್ಡ ವಿಚಾರಗಳನ್ನು ಹುಡುಕಬೇಡಿ. ತಪ್ಪಿದ ಬಸ್ಸುಗಳೆಷ್ಟು, ಅಮ್ಮ "ಸಾಕು ನಿನ್ನ ಬರೆಯುವುದು" ಎಂದದ್ದು ಎಷ್ಟು ಸಲ, ಅಂದು ನಮ್ಮ ಗಿಡಗಳಲ್ಲಿ ಮಲ್ಲಿಗೆ ಎಷ್ಟು ಚೆಂಡು, ಇಂಥವೇ. ಎಂಟುನೂರು ಹೂ ಕಟ್ಟಿದರೆ ಒಂದು ಚೆಂಡು. ಕಾಪುವಿನಿಂದ ಸ್ವಲ್ಪ ಒಳಗೆ ಇರುವ ನಮ್ಮೂರಿನಲ್ಲಿ ಅಂಗಳವಿರುವ ಮನೆಯಲ್ಲೆಲ್ಲ ಮಲ್ಲಿಗೆ ಉಂಟು. ಎಂಟುನೂರನ್ನು ಎಣಿಸದೆ ಎಣಿಸುವ ವಿದ್ಯೆ ಅಲ್ಲಿಯ ಹೆಂಗಸರ ಬೆರಳಿಗೆ ಗೊತ್ತು. ನಾನು ಮಾತ್ರ ಬಾಯಿಬಿಟ್ಟು ಎಣಿಸಬೇಕು. ಅದಕ್ಕೆ ಹೂ ಕಟ್ಟುವಾಗ ನನ್ನನ್ನು ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ, ಲಿಲ್ಲಿ ಬಾಯಿಯೊಬ್ಬರನ್ನು ಬಿಟ್ಟು.

ಲಿಲ್ಲಿ ಬಾಯಿ ನಮ್ಮ ಪಕ್ಕದ ಮನೆಯವರು. ಅವರ ಗಂಡ ಮಸ್ಕತ್‌ನಲ್ಲಿದ್ದರು, ಮಗ ಹಾಸ್ಟೆಲಿನಲ್ಲಿ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ತುಳು, ಬ್ಯಾಂಕಿನವರೊಡನೆ ಕನ್ನಡ. ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನಾದರೂ ನೀವು ತುಳುವಿನಲ್ಲೇ ಕೇಳಿಸಿಕೊಳ್ಳಬೇಕು, ಸ್ವಲ್ಪ ಜೋರಾಗಿ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಒಂಬತ್ತೂವರೆಗೆ ಮುಖ್ಯರಸ್ತೆಯ ಸುಧಾಕರಣ್ಣನ ಅಂಗಡಿಗೆ ಕೊಟ್ಟರೆ ಅವರ ದಿನದ ದುಡಿಮೆ ಮುಗಿಯಿತು. ಸುಧಾಕರಣ್ಣ ದಿನಸಿಯನ್ನೂ ಮಾರುತ್ತಿದ್ದರು, ಊರಿನ ಮಲ್ಲಿಗೆಯನ್ನೂ ಒಟ್ಟುಮಾಡಿ ಕಳಿಸುತ್ತಿದ್ದರು. ತಿಂಗಳಿಗೊಮ್ಮೆ ಹೂ ಕೊಟ್ಟ ಕೈಯಲ್ಲೇ ಲಿಲ್ಲಿ ಬಾಯಿ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಉಡುಪಿಗೆ, ಕೆಲವೊಮ್ಮೆ ಕಾರ್ಕಳಕ್ಕೆ, ಮ್ಯಾಟಿನಿ ನೋಡಲು ಹೋಗುತ್ತಿದ್ದರು. ರಜೆಯಾದರೆ ನಾನೂ ಜೊತೆಗೆ.

ಅವರಿಗೆ ಬೇಕಾದದ್ದು ನಾಯಕನಲ್ಲ. ಒಬ್ಬ ಪೋಷಕ ನಟ. ಹೆಸರು ಹೇಳುವುದು ಬೇಡ. ಹೇಳಿದರೂ ನಿಮಗೆ ಮುಖ ನೆನಪಾಗಲಿಕ್ಕಿಲ್ಲ, ಮುಖ ನೋಡಿದರೆ ಹೆಸರು ನೆನಪಾಗಲಿಕ್ಕಿಲ್ಲ. ನಾವು ಅವನನ್ನು ಪೊಲೀಸಣ್ಣ ಎನ್ನುತ್ತಿದ್ದೆವು. ನನ್ನ ಡೈರಿಯ ಪ್ರಕಾರ ನಾವು ನೋಡಿದ ಅವನ ಇಪ್ಪತ್ತಮೂರು ಚಿತ್ರಗಳಲ್ಲಿ ಹನ್ನೊಂದರಲ್ಲಿ ಅವನು ಕಾನ್‌ಸ್ಟೇಬಲ್. ನಾಲ್ಕರಲ್ಲಿ ಮಧ್ಯಂತರಕ್ಕೆ ಮೊದಲೇ ಸಾಯುತ್ತಾನೆ. ಕುರ್ಚಿಯಲ್ಲಿ ಕೂತದ್ದು ಮೂರರಲ್ಲಿ ಮಾತ್ರ. ಉಳಿದವುಗಳಲ್ಲಿ ಹೆಚ್ಚಾಗಿ ಯಾರದ್ದೋ ಹಿಂದೆ ನಿಂತೇ ಇರುತ್ತಾನೆ. ಇಷ್ಟು ಜನ ಹೀರೋಗಳಿರುವಾಗ ಇವನೇ ಯಾಕೆ ಎಂದು ಒಮ್ಮೆ ವಾಪಸು ಬರುವ ಬಸ್ಸಿನಲ್ಲಿ ಕೇಳಿದ್ದೆ.

"ಬೇರೆಯವರು ಮಾತಾಡುವಾಗ ಅವನು ಕೇಳ್ತಾನೆ ಮಾರಾಯ್ತಿ," ಎಂದಿದ್ದರು ಲಿಲ್ಲಿ ಬಾಯಿ. "ಉಳಿದವರೆಲ್ಲ ತಮ್ಮ ಸರದಿ ಕಾಯ್ತಾ ಇರ್ತಾರೆ."

ಮುಂದಿನ ಚಿತ್ರದಲ್ಲಿ ಗಮನಿಸಿ ನೋಡಿದೆ. ಹೌದು. ನಾಯಕ ಎರಡು ಪುಟದ ಮಾತು ಹೇಳುತ್ತಿದ್ದಾಗ ಹಿಂದೆ ನಿಂತ ಕಾನ್‌ಸ್ಟೇಬಲ್ ಒಬ್ಬನೇ ಅದನ್ನು ಮೊದಲ ಸಲ ಕೇಳುತ್ತಿರುವವನಂತೆ ಇದ್ದ. ನಂತರ ನನಗೂ ನಾಯಕನನ್ನು ನೋಡುವ ಅಭ್ಯಾಸ ತಪ್ಪಿಹೋಯಿತು.

ನಾನು ಎಂಟನೇ ತರಗತಿಯಲ್ಲಿದ್ದ ವರ್ಷ ಅವನಿಗೆ ಒಂದು ಒಳ್ಳೆಯ ಪಾತ್ರ ಸಿಕ್ಕಿತು. ಶಾಲೆಯಲ್ಲಿ ಗಂಟೆ ಹೊಡೆಯುವವನ ಪಾತ್ರ. ಅಳುವ ಹುಡುಗನೊಬ್ಬನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಕೇಳುವ ಒಂದು ದೃಶ್ಯವಿತ್ತು; ಅದರಲ್ಲಿ ಅವನಿಗೆ ಒಂದೇ ಮಾತು, ಅದೂ ಊಟ ಆಯಿತಾ ಎಂದು. ಟಾಕೀಸಿನಲ್ಲಿ ನಮ್ಮ ಸಾಲಿನ ಎಂಟು ಜನರೂ ಅತ್ತೆವು. ಡಿಸೆಂಬರಿನಲ್ಲಿ ಒಂದು ಸಿನಿಮಾ ಪತ್ರಿಕೆ ಓದುಗರ ಮೆಚ್ಚಿನ ಕಲಾವಿದರ ಪ್ರಶಸ್ತಿಗೆ ಮತ ಕೇಳಿತು. ಅಂಚೆ ಕಾರ್ಡಿನಲ್ಲಿ ನಟನ ಹೆಸರು ಬರೆದು, ಕೆಳಗೆ ನಮ್ಮ ಹೆಸರು, ವಿಳಾಸ ಬರೆದು ಹಾಕಬೇಕು. ಒಬ್ಬರಿಗೆ ಒಂದೇ ಮತ.

ಲಿಲ್ಲಿ ಬಾಯಿ ಹೂ ಕೊಡುವ ಹೊತ್ತಿನಲ್ಲಿ ಅಂಗಡಿಯೆದುರು ನಿಂತು ಊರಿಗೆ ಊರನ್ನೇ ಒಪ್ಪಿಸಿದರು. ಸಿನಿಮಾ ನೋಡದವರನ್ನೂ ಬಿಡಲಿಲ್ಲ. ಸುಧಾಕರಣ್ಣ, "ಬಾಯಿ, ನೀವು ಪಂಚಾಯತಿಗೆ ನಿಲ್ಲುವುದು ಒಳ್ಳೆಯದಿತ್ತು," ಎಂದರು. ಕಾರ್ಡುಗಳ ಉಸ್ತುವಾರಿ ನನಗೆ ಬಂತು. ನಾನು ಒಂದು ಪುಸ್ತಕ ಮಾಡಿದೆ: ಕ್ರಮಸಂಖ್ಯೆ, ಹೆಸರು, ಕಾರ್ಡು ಪೆಟ್ಟಿಗೆಗೆ ಹಾಕಿದ ದಿನ. ಒಬ್ಬರ ಕಾರ್ಡು ಇನ್ನೊಬ್ಬರು ಬರೆಯಬಾರದು ಎಂದು ಕಟ್ಟುನಿಟ್ಟು ಮಾಡಿದೆ. ಬರೆಯಲು ಬಾರದ ಅಜ್ಜಿಯರಿಗೂ ಅವರ ಹೆಸರಿನ ಅಕ್ಷರಗಳನ್ನು ತೋರಿಸಿ ಬರೆಸಿದೆ. ಒಬ್ಬ ಅಜ್ಜಿ ಮೂರು ಕಾರ್ಡು ಹಾಳುಮಾಡಿ ನಾಲ್ಕನೆಯದರಲ್ಲಿ ಗೆದ್ದರು. ಹದಿನೇಳು ದಿನಗಳಲ್ಲಿ ನೂರ ಹದಿನೆಂಟು ಕಾರ್ಡು.

ಈಗ ನನ್ನ ಬುದ್ಧಿವಂತಿಕೆಯ ವಿಷಯ. ನಮ್ಮ ಕಡೆ ಮನೆಗಳು ಒಂದೊಂದು ತೋಟದೊಳಗೆ ಒಂದೊಂದು. ಅಂಚೆಯವರು ಅಲ್ಲಿಗೆಲ್ಲ ಇಳಿಯುವುದಿಲ್ಲ. ಊರಿನ ಕಾಗದವನ್ನೆಲ್ಲ ಸುಧಾಕರಣ್ಣನ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ, ಹೂ ಕೊಡಲು ಬಂದವರು ಒಯ್ಯುತ್ತಾರೆ. ಹಾಗಾಗಿ ನಮ್ಮೆಲ್ಲರ ವಿಳಾಸ ಒಂದೇ, ಅಂಗಡಿಯದ್ದು. ಕೆಲವರು ಕಾರ್ಡಿನಲ್ಲಿ ಮನೆಯ ಹೆಸರು ಬರೆಯಲು ಹೊರಟಿದ್ದರು. ನಾನು ತಡೆದೆ. ವಿಳಾಸ ಸರಿ ಇರಬೇಕಲ್ಲ ಎಂದು, ಅಪ್ಪ ತಂದುಕೊಟ್ಟ ರಬ್ಬರ್ ಸ್ಟಾಂಪಿನಿಂದ ನೂರ ಹದಿನೆಂಟು ಕಾರ್ಡಿಗೂ ಒಂದೇ ವಿಳಾಸ ಒತ್ತಿದೆ. ಒಂದೂ ಓರೆಯಾಗಿರಲಿಲ್ಲ.

ಜನವರಿಯ ಒಂದು ಬುಧವಾರ ಶಾಲೆಯಿಂದ ಬರುವಾಗ ಸುಧಾಕರಣ್ಣ ನನ್ನ ಕೈಗೆ ಒಂದು ಕಾರ್ಡು ಕೊಟ್ಟರು. ಅವರು ಅದನ್ನು ತಿರುಗಿಸಿ ನೋಡಿರಲಿಲ್ಲ. ಅಂಗಡಿಯಲ್ಲಿ ಜನ ಇದ್ದರು. ಪತ್ರಿಕೆಯಿಂದ ಬಂದದ್ದು. ನಮ್ಮ ಅಭಿಮಾನಕ್ಕೆ ವಂದನೆ ಹೇಳಿ, ಒಂದೇ ವಿಳಾಸದಿಂದ ಬಂದ ಮತಗಳನ್ನೆಲ್ಲ ಒಂದು ಮತವೆಂದು ಪರಿಗಣಿಸಿದ್ದೇವೆ ಎಂದು ಮರ್ಯಾದೆಯಿಂದಲೇ ಬರೆದಿದ್ದರು. ಅವರದ್ದು ತಪ್ಪೆನ್ನಲು ಬರುವುದಿಲ್ಲ. ಯಾರೋ ಒಬ್ಬ ಕೂತು ನೂರ ಹದಿನೆಂಟು ಕಾರ್ಡಿಗೆ ಸ್ಟಾಂಪು ಒತ್ತಿದ್ದಾನೆ ಎಂದು ಅವರಿಗೆ ಅನಿಸಿರಬೇಕು. ಒಬ್ಬಳೇ ಕೂತು ಒತ್ತಿದ್ದಂತೂ ನಿಜವೇ!

ಲಿಲ್ಲಿ ಬಾಯಿ ಆಗಲೇ ಕಾರ್ಕಳದ ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದಿದ್ದರು. ಅಮ್ಮ ದೇವಸ್ಥಾನದಲ್ಲಿ ಹೂವಿನ ಪೂಜೆ ಹೇಳಿಕೊಂಡಿದ್ದರು. ನಾನು ಕಾರ್ಡನ್ನು ಗಣಿತ ಪುಸ್ತಕದ ಬೈಂಡಿನೊಳಗೆ ತೂರಿಸಿದೆ. ಅಂದಿನ ಡೈರಿಯಲ್ಲಿ ಇರುವುದು ಇಷ್ಟು: ಮಲ್ಲಿಗೆ ಎರಡು ಚೆಂಡು. ಗಣಿತ ಪರೀಕ್ಷೆ. ಬಸ್ಸು ತಪ್ಪಲಿಲ್ಲ. ಎಂಟನೇ ತರಗತಿ ಮುಗಿದಾಗ ಆ ಪುಸ್ತಕವನ್ನು ಅಮ್ಮ ನನ್ನನ್ನು ಕೇಳದೆ ಕೆಳಗಿನ ತರಗತಿಯ ಹುಡುಗಿಗೆ ಕೊಟ್ಟುಬಿಟ್ಟರು. ಮುಂದಿನ ಇಡೀ ವರ್ಷ ಆ ಹುಡುಗಿಯನ್ನು ಕಂಡರೆ ನಾನು ದಾರಿ ಬದಲಿಸುತ್ತಿದ್ದೆ.

ಆದರೆ ಪೊಲೀಸಣ್ಣ ಗೆದ್ದ. ಫೆಬ್ರವರಿಯ ಸಂಚಿಕೆಯಲ್ಲಿ ಅವನ ಚಿತ್ರ ಬಂತು, ಅಂಗೈ ಅಗಲದ್ದು. ಎರಡು ದಿನ ಬಿಟ್ಟು ಭಾನುವಾರ, ಇಗರ್ಜಿಯ ಪೂಜೆ ಮುಗಿದ ಮೇಲೆ, ಅಂಗಡಿಯೆದುರು ಸಮಾರಂಭ ಏರ್ಪಾಡಾಯಿತು. ಆ ಚಿತ್ರವನ್ನು ರಟ್ಟಿಗೆ ಅಂಟಿಸಿ ಕುರ್ಚಿಯ ಮೇಲೆ ಇಟ್ಟರು. ಅವನನ್ನು ಕುರ್ಚಿಯಲ್ಲಿ ಕೂರಿಸಿದ ನಾಲ್ಕನೆಯ ಸಂದರ್ಭ. ಪ್ರತಿ ಮನೆಯಿಂದ ಒಂದೊಂದು ಮೊಳ ಮಲ್ಲಿಗೆ ತಂದು ಜೋಡಿಸಿ ಹಾರ ಮಾಡಿದ್ದರು. ಅದು ಕುರ್ಚಿಯನ್ನು ಸುತ್ತಿ, ಅಂಗಡಿಯ ಕಂಬವನ್ನು ಸುತ್ತಿ, ಇನ್ನೂ ಉಳಿಯಿತು. ಗಂಟು ನೋಡಿಯೇ ಇದು ಯಾರ ಕೈ ಎಂದು ಹೆಂಗಸರು ಹೇಳುತ್ತಿದ್ದರು, ಸಡಿಲ ಗಂಟಿನವರನ್ನು ಹಂಗಿಸುತ್ತಿದ್ದರು. ಮಾಲೆ ಪಟಾಕಿ, ಗೋಳಿಬಜೆ, ಪುನರ್ಪುಳಿ ಶರಬತ್ತು. ನಾನು ತಿಂದ ಗೋಳಿಬಜೆ ಒಂದೇ.

ನಮ್ಮ ಕಡೆ ಸನ್ಮಾನವಿಲ್ಲದೆ ಯಾವ ಸಮಾರಂಭವೂ ಮುಗಿಯುವುದಿಲ್ಲ, ನಿಮಗೆ ಗೊತ್ತಿರಬಹುದು. ಗೆದ್ದವನು ಬೆಂಗಳೂರಿನಲ್ಲಿ, ರಟ್ಟಿಗೆ ಶಾಲು ಹೊದಿಸಲು ಬರುವುದಿಲ್ಲ. ಹಾಗಾದರೆ ಯಾರಿಗೆ? ಕಾರ್ಡಿನ ಉಸ್ತುವಾರಿಗೆ. ಸುಧಾಕರಣ್ಣನಿಗೆ ಯಾವುದೋ ವಾರ್ಷಿಕೋತ್ಸವದಲ್ಲಿ ಬಂದ ಶಾಲು ನನ್ನ ಹೆಗಲಿಗೆ ಬಂತು, ಕೈಗೆ ಹಣ್ಣಿನ ತಟ್ಟೆ. ಲಿಲ್ಲಿ ಬಾಯಿ ನನ್ನ ಹೆಗಲು ಹಿಡಿದುಕೊಂಡೇ ಭಾಷಣ ಮಾಡಿದರು, ಸಭೆಯೆಂದು ಕನ್ನಡದಲ್ಲಿ. "ನಮ್ಮ ನೂರ ಹದಿನೆಂಟು ಕಾರ್ಡು ಇಲ್ಲದಿದ್ದರೆ ಈ ಪ್ರಶಸ್ತಿ ಉಂಟಾ? ನಾವೇ ಗೆಲ್ಲಿಸಿದ್ದು." ಅವರು ಅಷ್ಟು ಸಂತೋಷವಾಗಿದ್ದದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಆಗ ಹೇಳಬಹುದಿತ್ತು. ಹದಿಮೂರು ವರ್ಷದವಳು ಶಾಲು ಹೊದ್ದುಕೊಂಡು ಅದನ್ನು ಹೇಗೆ ಹೇಳಬೇಕು, ನೀವೇ ಹೇಳಿ.

ಆಮೇಲೆ ಒಂದು ವಿಚಿತ್ರವಾಯಿತು. ಲಿಲ್ಲಿ ಬಾಯಿ ಅವನ ಸಿನಿಮಾ ನೋಡುವುದನ್ನು ಬಿಡಲಿಲ್ಲ, ಆದರೆ ಆ ಪ್ರಶಸ್ತಿಯ ಮಾತನ್ನು ಬಿಟ್ಟರು. ಬೇರೆಯವರು ತೆಗೆದರೂ ಹೂ ಒಯ್ಯಲು ಹೊತ್ತಾಯಿತೆಂದು ಎದ್ದು ಹೋಗುತ್ತಿದ್ದರು. ಅವರಿಗೆ ಹೇಗೋ ಗೊತ್ತಾಗಿದೆ, ನನ್ನ ಮೇಲೆ ಬೇಸರವಾಗಿದೆ ಎಂದೇ ನಾನು ತಿಳಿದುಕೊಂಡೆ. ಕೇಳುವ ಧೈರ್ಯ ಬರಲಿಲ್ಲ.

ಕೇಕು ತಿಂದ ವಾರದ ಭಾನುವಾರ ಬೆಳಿಗ್ಗೆ ಅವರಲ್ಲಿಗೆ ಹೋದೆ. ಗಂಡ ಮಸ್ಕತ್ ಬಿಟ್ಟು ಬಂದು ವರ್ಷಗಳಾಗಿವೆ. ಅಂಗಳದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಲಿಲ್ಲಿ ಬಾಯಿ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು, ಮೊದಲಿನಷ್ಟು ಬೇಗ ಅಲ್ಲ. ನಾನು ಎದುರು ಕೂತು ಎಲ್ಲವನ್ನೂ ಕ್ರಮವಾಗಿ ಹೇಳಿದೆ: ಸ್ಟಾಂಪು, ಬುಧವಾರ, ಕಾರ್ಡು, ಗಣಿತ ಪುಸ್ತಕ. ಅವರು ಕೇಳುತ್ತ ಹೋದರು. ಬೆರಳು ಮಾತ್ರ ನಿಂತಿತು.

"ನಮ್ಮದೆಲ್ಲ ಸೇರಿ ಒಂದೇ ವೋಟಾ?"

ಹೌದು ಎಂದೆ.

"ಒಂದೇ?"

"ಒಂದೇ, ಬಾಯಿ."

ಅವರು ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಬೈಗುಳಕ್ಕೆ ನಾನು ತಯಾರಾಗಿಯೇ ಹೋಗಿದ್ದೆ.

"ಹಾಗಾದರೆ ಅವನು ಅವನಷ್ಟಕ್ಕೇ ಗೆದ್ದದ್ದು," ಎಂದರು. "ಇಷ್ಟು ವರ್ಷ ಮನಸ್ಸಿನಲ್ಲಿ ಒಂದು ಚುಚ್ಚುತ್ತಿತ್ತು ಮಗಾ. ಸಿನಿಮಾ ನೋಡದವರ ಕೈಯಲ್ಲೂ ಬರೆಸಿದೆ ಅಲ್ವಾ ನಾನು. ಅವನ ಕೆಲಸಕ್ಕೆ ಸಿಕ್ಕಿದ್ದಾ, ನನ್ನ ಗಲಾಟೆಗೆ ಸಿಕ್ಕಿದ್ದಾ ಅಂತ. ಟಿವಿಯಲ್ಲಿ ಅವನನ್ನು ಕಂಡಾಗೆಲ್ಲ ನಾಚಿಕೆ ಆಗುತ್ತಿತ್ತು."

ನಾನು ಹೇಳದೆ ಇದ್ದದ್ದಕ್ಕೆ ಅವರು ಆ ನಾಚಿಕೆಯನ್ನು ಹದಿನೈದು ವರ್ಷ ಹೊತ್ತುಕೊಂಡಿದ್ದರು. ಅವರ ಸಂತೋಷ ಉಳಿಸಲೆಂದು ಮುಚ್ಚಿಟ್ಟದ್ದೇ ಅದನ್ನು ಅವರಿಂದ ಕಿತ್ತುಕೊಂಡಿತ್ತು. ಇದನ್ನು ಯಾವ ಪುಟದಲ್ಲಿ ಹೇಗೆ ಬರೆಯಬೇಕೆಂದು ನನಗೆ ತಿಳಿಯಲಿಲ್ಲ. ಮೊದಲೇ ಹೇಳಬೇಕಿತ್ತು ಬಾಯಿ, ಎಂದೆ. ಹೇಳಬೇಕಿತ್ತು, ಎಂದರು ಅವರು, ನೇರವಾಗಿಯೇ. ಮತ್ತೆ ಅಂಗಳದತ್ತ ತಿರುಗಿ ಗಂಡನಿಗೆ ಕೊಂಕಣಿಯಲ್ಲಿ ಕೂಗಿ ಹೇಳಿದರು. ಅವರಿಗೆ ಎಂತ ಅರ್ಥವಾಯಿತೋ, ನೀರಿನ ಪೈಪು ಹಿಡಿದುಕೊಂಡೇ ತಲೆಯಾಡಿಸಿದರು. ಲಿಲ್ಲಿ ಬಾಯಿ ನಗಲು ಶುರುಮಾಡಿದರು. ನಗು ನಿಂತ ಮೇಲೆ ಕೇಳಿದರು:

"ಆ ಒಂದು ವೋಟು ಯಾರದ್ದು?"

ಗೊತ್ತಿಲ್ಲ ಎಂದೆ. ಗೊತ್ತಾಗುವ ದಾರಿಯೂ ಇಲ್ಲ, ಯಾರ ಕಾರ್ಡು ಮೊದಲು ಅವರ ಕೈಗೆ ಸಿಕ್ಕಿತೋ.

"ಹಾಗೆ ಹೇಳಬೇಡ. ಕಾರ್ಡು ಬರೆದವರಿಗೆಲ್ಲ ಅವರದ್ದೇ ಅಂತ ಹೇಳು. ಒಬ್ಬೊಬ್ಬರಿಗೇ ಹೇಳು, ಒಟ್ಟಿಗೆ ಬೇಡ."

ಸುಳ್ಳು ಲೆಕ್ಕ ಹೇಳಿ ನನಗೆ ಅಭ್ಯಾಸವಿಲ್ಲ. ಆದರೂ ಹೊರಟೆ. ದಾರಿಯಲ್ಲಿ ಸುಧಾಕರಣ್ಣನ ಹೆಂಡತಿ ಸಿಕ್ಕಿದರು, ಲೆಕ್ಕಕ್ಕೆ ಬಂದ ಒಂದೇ ವೋಟು ನಿಮ್ಮದು ಎಂದು ಹೇಳಿದೆ. ಅವರು ಚೀಲ ಕೆಳಗಿಟ್ಟು ಇನ್ನೊಮ್ಮೆ ಹೇಳಿಸಿಕೊಂಡರು. ಮೂರು ಕಾರ್ಡು ಹಾಳುಮಾಡಿದ ಅಜ್ಜಿ ಈಗಿಲ್ಲ. ಅವರ ಸೊಸೆಗೆ ಹೇಳಿದೆ. ಅವಳು ಒಳಗೆ ಹೋಗಿ ಅಜ್ಜಿಯ ಪಟದ ಮುಂದೆ ನಿಂತು ಅದನ್ನೇ ಹೇಳಿದ್ದು ಹೊರಗೆ ಕೇಳಿಸಿತು. ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಒಗ್ಗರಣೆಯಿಂದ ಕಣ್ಣು ತೆಗೆಯದೆ, "ನನ್ನದೇ ಅಂತ ನನಗೆ ಆಗಲೇ ಅನಿಸಿತ್ತು," ಎಂದರು.

ಇಂದಿಗೆ ಮೂವರಾಯಿತು. ಉಳಿದವರ ಪಟ್ಟಿಯನ್ನು ಹಳೆಯ ಪುಸ್ತಕದಿಂದ ಇಳಿಸಿಕೊಂಡಿದ್ದೇನೆ, ಎರ್ಮಾಳಿಗೆ ಮದುವೆಯಾಗಿ ಹೋದ ಇಬ್ಬರನ್ನೂ ಸೇರಿಸಿ. ಮುಂದಿನ ಭಾನುವಾರ ಬೆಳಿಗ್ಗೆ ಬೇಗ ಹೊರಡಬೇಕು.