ಆಣೆ ಇಡದ ಅಧ್ಯಕ್ಷೆ

ಜಯಕ್ಕ ಎದ್ದು ನಿಂತರೆ ಉಳಿದವರೆಲ್ಲ ಕೂರಬೇಕು. ಕೈಲಾಂಚದ ಕಡೆಯ ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಅದೇ ಕಾನೂನು. ಹಿಪ್ಪುನೇರಳೆ ಸೊಪ್ಪು ಕೊಯ್ದು ಕರೆಗಟ್ಟಿದ ಬೆರಳನ್ನು ಮೇಜಿನ ಮೇಲೆ ಊರಿ ಅವರು ಎದ್ದರೆಂದರೆ, ಚರಂಡಿ ವಿಷಯಕ್ಕೆ ಕೊರಳಪಟ್ಟಿ ಹಿಡಿದವರೂ ಬಿಟ್ಟು ಕೂರುತ್ತಿದ್ದರು. ಅಧ್ಯಕ್ಷೆಯಾದ ಹೊಸದರಲ್ಲಿ ವಿಧಾನಸೌಧಕ್ಕೆ ಹೋಗಿ, ಗ್ಯಾಲರಿಯಲ್ಲಿ ಕೂತು, ಎರಡೂ ಮನೆ ನೋಡಿ ಕಲಿತು ಬಂದದ್ದು ಅದು.

“ಕೆಳಮನೆಗೆ ಸಭಾಧ್ಯಕ್ಷ, ಮೇಲ್ಮನೆಗೆ ಸಭಾಪತಿ. ಅವ್ರು ಎದ್ರೆ ಮಂತ್ರಿ ಆದ್ರೂ ಕೂರ್ಬೇಕು ಕಣ್ರಪ್ಪಾ. ನಾವೂ ಒಸಿ ಕಲಿಯವಾ,” ಅಂದಿದ್ದರು. ಅದೇ ಪಂಚಾಯಿತಿಯ ಸದಸ್ಯನಾದ ನನಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ನಾನೂ ಕೂರುವುದನ್ನು ಕಲಿತೆ.

ವಿಧಾನಸಭೆಗೆ ಊರವರೆಲ್ಲ ಓಟು ಹಾಕುತ್ತಾರೆ. ವಿಧಾನ ಪರಿಷತ್ತಿನ ಕೆಲವು ಸ್ಥಾನಗಳಿಗೆ ಮಾತ್ರ ನಮ್ಮಂಥ ಸದಸ್ಯರದೇ ಓಟು. ಆ ಚುನಾವಣೆ ಬಂತೆಂದರೆ ನಾವೂ ದೊಡ್ಡ ಮನುಷ್ಯರು. “ಮೇಲ್ಮನೆ ಮೆಟ್ಲು ನಮ್ಮೂರಲ್ಲೇ ಐತೆ. ತುಳಿಯೋರು ಒಸಿ ಕಾಲ್ ತೊಳ್ಕೊಂಡ್ ಬರ್ಲಿ,” ಅನ್ನುತ್ತಿದ್ದರು ಜಯಕ್ಕ.

ಆ ಸಲ ನಮ್ಮ ಕಡೆಯ ಅಭ್ಯರ್ಥಿಯ ಬಲಗೈ ರಾಜಣ್ಣ ಎಲ್ಲರನ್ನೂ ವ್ಯಾನಿನಲ್ಲಿ ತುಂಬಿ ಕಬ್ಬಾಳಿಗೆ ಕರೆದೊಯ್ದ. ಕಬ್ಬಾಳಮ್ಮನ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ಓಟು ಅವನ ಅಭ್ಯರ್ಥಿಗೇ ಎಂದು ಆಣೆ ಇಡಬೇಕು. ಆ ತಾಯಿಯ ಮುಂದೆ ಸುಳ್ಳಾಡಿ ದಕ್ಕಿಸಿಕೊಂಡವರಿಲ್ಲ ಎಂಬುದು ನಮ್ಮ ಸೀಮೆಯ ನಂಬಿಕೆ. ಒಬ್ಬೊಬ್ಬರಾಗಿ ಆರಿಸಿದೆವು. ಸರದಿ ಬಂದಾಗ ಜಯಕ್ಕ ಅಮ್ಮನಿಗೆ ಕೈ ಮುಗಿದು ಹಿಂದೆ ಸರಿದರು.

“ಯಾಕಕ್ಕಾ?” ರಾಜಣ್ಣನ ದನಿ ತಣ್ಣಗಿತ್ತು.

“ಗುಟ್ಟಾಗಿ ಹಾಕು ಅಂತ ಮರೆ ಕಟ್ಟಿ ಕೊಡೋ ಓಟು ಇದು. ಅಮ್ಮನ್ ಮುಂದೆ ನಿಲ್ಸಿ ಬಿಚ್ಚು ಅಂದ್ರೆ ಹೆಂಗಪ್ಪಾ?”

ಹಿಂತಿರುಗುವಾಗ ಅವರ ಪಕ್ಕದಲ್ಲಿ ನಾನೊಬ್ಬನೇ ಕೂತಿದ್ದೆ.

ಅಭ್ಯರ್ಥಿ ಕೂದಲೆಳೆಯ ಅಂತರದಲ್ಲಿ ಸೋತ. ಆಣೆ ಇಟ್ಟವರಲ್ಲಿ ತಪ್ಪಿದವರು ಯಾರೆಂದು ಯಾರೂ ಕೇಳಲಿಲ್ಲ. ಗುಮಾನಿಯೆಲ್ಲ ಆಣೆ ಇಡದವರ ಮೇಲೆ. ನಮ್ಮ ಬುದ್ಧಿ ಅಷ್ಟೇ. ಜಯಕ್ಕನನ್ನು ಇಳಿಸಲು ಅವಿಶ್ವಾಸ ನಿರ್ಣಯ ಬಂತು.

ಸಭೆಯ ದಿನ, ಅದನ್ನು ನಡೆಸಬೇಕಾದ ಅಧಿಕಾರಿ ಬರುವ ಮುಂಚೆ, ರಾಜಣ್ಣ ಒಳಗೇ ಬಂದು ಮೇಜಿಗೆ ಒರಗಿದ. ಸದಸ್ಯರೆಲ್ಲ ಅವನ ಹಿಂದೆ ನಿಂತರು.

“ಆಣೆ ಬ್ಯಾಡ ಬುಡಿ ಜಯಕ್ಕ. ನಮ್ಮೋರ್ಗೇ ಹಾಕ್ದೆ ಅಂತ ಒಂದ್ ಮಾತು ಹೇಳ್ಬುಡಿ. ಕುರ್ಚಿ ನಿಮ್ದೇ.”

ಸುಳ್ಳಾದರೂ ಸರಿ, ಹೇಳಿಬಿಡಲಿ ಎಂದು ಒಳಗೊಳಗೇ ಬೇಡಿಕೊಂಡೆ. ಜಯಕ್ಕ ಬೆರಳೂರಿ ಎದ್ದರು. ಯಾರೂ ಕೂರಲಿಲ್ಲ. ನಾನು ಕೂತೆ.

“ಹಾಕಿದ್ದು ಹಾಕಾಗೈತೆ. ನಿಮ್ ಕೆಲ್ಸ ನೀವ್ ಮಾಡಿ,” ಅಂದರು. ಮಧ್ಯಾಹ್ನದೊಳಗೆ ಕುರ್ಚಿ ಹೋಯಿತು.

ಅವರನ್ನು ಕೊನೆಯ ಸಲ ಕಂಡದ್ದು ರಾಮನಗರದ ಒಂದು ಆಸ್ಪತ್ರೆಯಲ್ಲಿ. ಕಿತ್ತಳೆ ಸುಲಿದು ಕೊಡುತ್ತಾ, ಬಹಳ ದಿನ ನಾಲಿಗೆ ತುದಿಯಲ್ಲಿದ್ದುದನ್ನು ಕೇಳಿಯೇಬಿಟ್ಟೆ.

“ಯಾರ್ಗ್ ಹಾಕಿದ್ರಿ ಜಯಕ್ಕಾ?”

ತೊಳೆ ಬಾಯಿಗಿಡದೆ ನನ್ನನ್ನೇ ನೋಡಿದರು. “ಕುರ್ಚಿ ಕೊಟ್ಟು ಉಳಿಸ್ಕೊಂಡಿದ್ದು ಅದೊಂದೇ ಕಣಪ್ಪಾ. ಅದ್ನೂ ಕೇಳ್ತೀಯಲ್ಲ.”

ಅದೇ ವಾರ ಹೋಗಿಬಿಟ್ಟರು. ಮತ್ತೆ ಕೇಳಲು ಅವರಿಲ್ಲ. ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ.