ರೇಡಾನ್ ನೀರಿನ ತೊಟ್ಟಿ

ಎಪ್ಪತ್ತರ ದಶಕದಲ್ಲಿ ನಾನು ಆಲಮೇಲದ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಒಂದು ಬೇಸಿಗೆಯಲ್ಲಿ ನೆಲದೊಳಗಿನ ಖನಿಜ ಹುಡುಕುವವರು ಜೀಪಿನಲ್ಲಿ ಬಂದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಹಾಗಾಗಿ ಮೂರು ದಿನ ಅವರ ಜೊತೆ ಬಾವಿಯಿಂದ ಬಾವಿಗೆ ತಿರುಗಿದೆ. ಅವರು ಹುಡುಕುತ್ತಿದ್ದದ್ದು ರೇಡಾನ್ ಎಂಬ ಅನಿಲವನ್ನು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಲ್ಲಿನೊಳಗಿಂದ ತಾನಾಗಿ ಹೊರಡುತ್ತದೆ, ಅದು ಹೆಚ್ಚಿದ್ದಲ್ಲಿ ಕೆಳಗೆ ಯುರೇನಿಯಂ ಇರಬಹುದು ಎಂದು ಅವರಲ್ಲಿ ಹಿರಿಯರೊಬ್ಬರು ತಿಳಿಸಿದರು. ಮುಚ್ಚಿದ ಜಾಗದಲ್ಲಿ ತುಂಬಿಕೊಂಡರೆ ಎದೆಗೆ ಕೇಡು ಎಂದೂ ಹೇಳಿದರು.

ಊರ ಹೊರಗಿನ ಒಂದು ಬಾವಿಯಲ್ಲಿ ಅದು ಸ್ವಲ್ಪ ಹೆಚ್ಚು ಕಂಡಿತು. ಬಾವಿಯ ಒಡೆಯ ಊರಿನ ದೊಡ್ಡ ಜಮೀನುದಾರ. ಅವನು ನನ್ನನ್ನು ಕೇಳಿದ: "ನೀರಾಗ ಏನೈತ್ರಿ ಮಾಸ್ತರ?"

"ರೇಡಾನ್ ಅಂತ ಒಂದ ಗಾಳಿ ಐತ್ರಿ. ಭಾಳ ಶಕ್ತಿ ಇರೋದು."

ಬಲ್ಲವನೆನಿಸಿಕೊಳ್ಳುವ ಚಪಲ. ಕೇಡಿನ ಮಾತನ್ನು ಬಿಟ್ಟೇಬಿಟ್ಟೆ.

ದೀಪಾವಳಿಯ ಹೊತ್ತಿಗೆ ಬಾವಿಯ ಪಕ್ಕದ ಸಿಮೆಂಟ್ ತೊಟ್ಟಿಯ ಮೇಲೆ ತಗಡಿನ ಚಪ್ಪರ ಎದ್ದಿತ್ತು. ಇಂಡಿ, ಸಿಂದಗಿ ಕಡೆಯಿಂದ ಮೊಣಕಾಲು ನೋವಿನವರು, ಹುಣ್ಣಿನವರು ಬಂದು, ಒಡೆಯನಿಗೆ ಕಾಸು ಕೊಟ್ಟು, ತೊಟ್ಟಿಯಲ್ಲಿ ಮುಳುಗಿ ಏಳುತ್ತಿದ್ದರು. ನೋಡಲು ಹೋದವನು ಮೂಗು ಮುಚ್ಚಿಕೊಂಡೆ. ನೀರು ಬದಲಿಸಿದರೆ ಶಕ್ತಿ ಹೋಗುತ್ತದೆಂದು ಹಾಗೇ ಬಿಟ್ಟಿದ್ದರು. ಮೇಲೆ ಎಣ್ಣೆಯ ಪದರ, ಉದುರಿದ ಕೂದಲು, ಹುಣ್ಣಿಗೆ ಕಟ್ಟಿದ್ದ ಅರಿವೆಯ ತುಂಡು. ಒಬ್ಬ ಅದೇ ನೀರಿನಲ್ಲಿ ಬಾಯಿ ಮುಕ್ಕಳಿಸಿ ಅದಕ್ಕೇ ಉಗುಳಿದ. ಅವನ ಪಕ್ಕದಲ್ಲಿ, ಕಾಲು ಇಳಿಬಿಟ್ಟು, ಕೈಯಲ್ಲಿ ಆ ನೀರಿನ ತಂಬಿಗೆ ಹಿಡಿದು ನಮ್ಮವ್ವನ ಅಕ್ಕ ಕೂತಿದ್ದಳು. ಮನಗೂಳಿಯಿಂದ ಬಸ್ಸು ಹತ್ತಿ ಬಂದಿದ್ದಳು.

"ಕುಡೀಬ್ಯಾಡ ದೊಡ್ಡವ್ವ, ಹೊಲಸ ಐತಿ."

"ಶಕ್ತಿ ಐತಿ ಅಂತ ನೀನ ಹೇಳೀಯಂತಲ್ಲೋ," ಎಂದು ನನ್ನ ಮುಂದೆಯೇ ಗಟಗಟ ಕುಡಿದಳು.

ನಾನು ಚಪ್ಪರದ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ.

ಒಂದೂವರೆ ತಿಂಗಳಲ್ಲಿ ಅವಳ ಮೈತುಂಬ ಕಜ್ಜಿ. ಕೆರೆದು ಕೆರೆದು ಕೀವು. ಸೊಸೆ ಅವಳ ತಾಟು ಬೇರೆ ಇಟ್ಟಳು. ಸುದ್ದಿ ಕೇಳಿ ನಾನು ಒಡೆಯನ ಮನೆಗೆ ಹೋಗಿ, ತೊಟ್ಟಿ ಮುಚ್ಚಿಸಿರಿ ಎಂದೆ. ಅವನು ಅಡಿಕೆ ಅಗಿಯುತ್ತ, "ನೀವ ಹೇಳಿದ್ದನ್ನ ನಾ ಮಂದಿಗೆ ಹೇಳೇನಿ. ನಾಲ್ಕ ಮಂದಿಗೆ ಚಲೋ ಆಗಲಿ ಬಿಡ್ರಿ," ಎಂದ. ಅಂಗಳದಲ್ಲಿ ಆಳು ಗಾಡಿಯಿಂದ ಕೊಡಗಳನ್ನು ಇಳಿಸುತ್ತಿದ್ದ. ಒಡೆಯನ ಮನೆಯ ಸ್ನಾನಕ್ಕೆ ಬೇರೆ ಬಾವಿಯ ನೀರು ಬರುತ್ತಿತ್ತು.

ಮರುದಿನ ಮುಂಜಾನೆ ತೊಟ್ಟಿಯ ಹತ್ತಿರ ನಿಂತು, "ನಾ ಹೇಳಿದ್ದು ತಪ್ಪೈತ್ರಿ. ಇದು ಔಷಧ ಅಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಯಾರೂ ಏಳಲಿಲ್ಲ. ಅಂಗಿಯ ತೋಳು ಮಡಚಿ ಆ ಲೋಳೆ ನೀರಿಗೆ ಕೈ ಹಾಕಿದೆ, ನೀರು ಹೊರಬಿಡುವ ತೂತಿಗೆ ತುರುಕಿದ್ದ ಅರಿವೆಯನ್ನು ಎಳೆದೆ. ನೀರು ಇಳಿದಾಗ ತಳದಲ್ಲಿ ನಾಲ್ಕು ಬೆರಳು ಕಪ್ಪು ರಾಡಿ, ಅದರಲ್ಲಿ ಮಿಜಿಗುಡುವ ಹುಳ. ಮಂದಿ ಅದನ್ನು ನೋಡಿದರು. ಒಬ್ಬೊಬ್ಬರಾಗಿ ಒದ್ದೆ ಬಟ್ಟೆಯಲ್ಲೇ ಹೊರಟುಹೋದರು.

ತೊಟ್ಟಿಗೆ ಆಮೇಲೆ ಯಾರೂ ಬರಲಿಲ್ಲ. ಒಡೆಯ ಮಾತ್ರ ನನ್ನನ್ನು ಮುದ್ದೇಬಿಹಾಳದ ಕಡೆಗೆ ವರ್ಗ ಮಾಡಿಸಿದ.

ಗಂಧಕದ ಮುಲಾಮಿನಿಂದ ದೊಡ್ಡವ್ವನ ಮೈ ಒಣಗಿತು. ನೋಡಲು ಹೋದಾಗ, "ನಿಂದೇನ ತಪ್ಪೈತಿ, ಉಣ್ಣು," ಎಂದು ರೊಟ್ಟಿ ನೀಡಿದಳು. ಅವಳ ಬೆರಳ ಸಂದಿನಲ್ಲಿ ಕಲೆಗಳು ಇನ್ನೂ ಇದ್ದವು. ಶಕ್ತಿ ಇರೋದು ಎಂದಿದ್ದ ನನ್ನ ನಾಲಿಗೆಯ ಬಗ್ಗೆ ನನಗೇ ಹೇಸಿಗೆಯಾಗಿ, ಮುರಿದ ತುತ್ತನ್ನು ತಾಟಿನಲ್ಲೇ ಇಟ್ಟೆ.