ಗುರಪ್ಪ ಕುಡಿದ ಡೀಸೆಲ್

ಮೋರಟಗಿಯ ಗುರಪ್ಪನ ಮೂಗು ಎಂಥದೆಂದರೆ, ಸಿಂದಗಿಯ ಪಂಪಿನಲ್ಲಿ ಯಾರಾದರೂ ಡೀಸೆಲ್ ಚೆಲ್ಲಿದರೆ ಇವನು ಊರಲ್ಲಿ ಕೂತೇ ಸೀನುತ್ತಿದ್ದ. ಶಂಕ್ರೆಪ್ಪ ಸಾಹುಕಾರರ ಬಾಡಿಗೆ ಜನರೇಟರ್ ನಡೆಸುವುದೇ ಅವನ ಬದುಕು. ಒಮ್ಮೆ ಅದರ ಹ್ಯಾಂಡಲ್ ತಿರುಗಿ ಬಡಿದು ಅವನ ಮುಂದಿನ ಹಲ್ಲುಗಳು ಹಾರಿ ಗೊಳಸಂಗಿಯ ಹೊಲದಲ್ಲಿ ಬಿದ್ದವಂತೆ. ಆ ವರ್ಷ ಅಲ್ಲಿ ಜೋಳ ಬಲು ಬಿಳುಪಾಗಿ ಬಂತಂತೆ. ಜೋಳ ನಾನು ನೋಡಿಲ್ಲ, ಬೊಚ್ಚು ಬಾಯಿ ನೋಡಿದ್ದೇನೆ.

೧೯೯೮ರ ಬೇಸಿಗೆಯಲ್ಲಿ ಸಾಹುಕಾರರ ಮಗಳ ಮದುವೆ. ಬೆಳಿಗ್ಗೆ ಅವರ ತಾಯಿ ಸಿದ್ದಲಿಂಗವ್ವ ಯಂತ್ರಕ್ಕೆ ಪೂಜೆ ಮಾಡಿ, ಡೀಸೆಲ್ ಟಾಕಿಯ ಮುಚ್ಚಳಕ್ಕೆ ಅರಿಷಿಣ ಕುಂಕುಮ ಕಲಸಿ ರೊಟ್ಟಿಯಷ್ಟು ದಪ್ಪ ಬಳಿದಳು. ವಧೂವರರ ತಲೆಯ ಮೇಲೆ ಅಕ್ಕಿಕಾಳು ಬೀಳುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ.

ಗೋಧೂಳಿ ಲಗ್ನ. ಕರೆಂಟಿಲ್ಲ. ಬೀಗರು ಹಂದರದಲ್ಲಿ ಕೂತ ಹೊತ್ತಿಗೇ ಇಂಜಿನ್ ಕೆಮ್ಮಿ ನಿಂತಿತು. ಗುರಪ್ಪ ಹ್ಯಾಂಡಲ್ ತಿರುವಿದ, ಫಿಲ್ಟರ್ ತೊಳೆದ, ಪೈಪು ಬಿಚ್ಚಿದ. ಟಾಕಿಯಲ್ಲಿ ಡೀಸೆಲ್ ಇದ್ದೂ ಪೈಪಿನಿಂದ ಅವನು ಹಿಡಿದ ಲೋಟಕ್ಕೆ ಒಂದು ಗುಟುಕಿನಷ್ಟು ಇಳಿದು ನಿಂತಿತು.

“ಸಾವ್ಕಾರ್ರ, ಮುಚ್ಚಳದ ತೂತಿನಾಗ ಕುಂಕುಮ ಕುಂತೈತ್ರಿ. ಗಾಳಿ ಒಳಗ ಹೋಗವಲ್ದು, ಎಣ್ಣಿ ಕೆಳಗ ಇಳಿವಲ್ದು. ಮುಚ್ಚಳ ತೆಗದ್ರ ಹತ್ತತೈತ್ರಿ.”

“ಅಯ್ಯ ಶಿವನ! ಪೂಜಿಗೇ ತಪ್ಪ ಹಚ್ಚತಾನಲ್ಲೋ ಇಂವಾ!” ಎಂದಳು ಸಿದ್ದಲಿಂಗವ್ವ.

ಬೀಗರೆದುರು ಕತ್ತಲಲ್ಲಿ ಕೂತ ಸಾಹುಕಾರರಿಗೆ ಸಿಟ್ಟು ನೆತ್ತಿಗೇರಿತು. “ಡೀಸೆಲ್ ಮಾರಿ ಚಿಮಣಿ ಎಣ್ಣಿ ಸುರದೀ ಏನಲೇ? ಸುರದಿಲ್ಲಂದ್ರ ಕುಡದ ತೋರ್ಸು.”

“ಕುಡದ್ರ ನನ್ನ ಕೆಲಸ ಉಳೀತೈತೇನ್ರಿ?”

“ಮದ್ಲ ಕುಡಿ.”

“ಕುಡಿಯೋ ಗುರಪ್ಪ, ಹೆಂಗೂ ಹಲ್ಲಿಲ್ಲ, ಸರಾಗ ಇಳೀತೈತಿ!” ಬೀಗರ ಕಡೆಯವನೊಬ್ಬ ಕೂಗಿದ. ನಗೆ ಬಸವನ ಬಾಗೇವಾಡಿಗೆ ಕೇಳಿಸುವಷ್ಟಾಯಿತು.

ಗುರಪ್ಪ ಪೈಪಿನಿಂದ ಹಿಡಿದದ್ದನ್ನು ಕಣ್ಣು ಮುಚ್ಚಿ ನುಂಗಿದ. “ಇನ್ನ ಬೀಡಿ ಹಚ್ಚಬ್ಯಾಡಪಾ, ಊರ ಸುಟ್ಟೀತು!” ಎಂದ ಮತ್ತೊಬ್ಬ.

ಗುರಪ್ಪ ಯಾರನ್ನೂ ಕೇಳದೆ ಮುಚ್ಚಳ ತಿರುವಿದ. ಟಾಕಿ ಬುಸ್ಸೆಂದು ಉಸಿರೆಳೆಯಿತು. ಪೈಪಿನೊಳಗಿನ ಗಾಳಿ ತೆಗೆದು ಹ್ಯಾಂಡಲ್ ಹೊಡೆದ. ಹಂದರವೆಲ್ಲ ಬೆಳಕಾಯಿತು.

“ಎಲ್ಲಾ ಪೂಜಿ ಪುಣ್ಯಾ,” ಎಂದು ಸಿದ್ದಲಿಂಗವ್ವ ಕೈಮುಗಿದಳು.

ಗುರಪ್ಪ ಸಾಹುಕಾರರ ಮುಖ ನೋಡಿದ.

“ಅಕ್ಕಿಕಾಳ ಬೀಳೂಮದ್ಲ ಪೂಜಿ ಕೆಡಿಸಿದಿ. ನಾಳಿಂದ ಬರಬ್ಯಾಡ,” ಎಂದರು ಅವರು. ಧರ್ಮಿಷ್ಠರು, “ಉಂಡ ಹೋಗು,” ಅಂತಲೂ ಅಂದರು.

ಗುರಪ್ಪ ಕಡೆಯ ಪಂಕ್ತಿಯಲ್ಲಿ ಕೂತ. ಮೊದಲ ತುತ್ತಿಗೇ ಎದ್ದು ಹಂದರದ ಹಿಂದೆ ಓಡಿ ಕಾರಿಕೊಂಡ. ಬಡಿಸುವವನು ಅವನ ಎಲೆ ಮಡಚುತ್ತ ಗೊಣಗಿದ: “ಎಷ್ಟ ಚಲೋ ಹುಗ್ಗಿ, ಹಾಳ ಮಾಡಿದ ನೋಡ್ರಿ.”